ಹನ್ನೊಂದನೇ ಹಂಸ

ಬಾಲಟಾನ್ ಸರೋವರದ ತೆಂಕಣ ದಡದಲ್ಲಿ
ನಲವತ್ತು ದೋಣಿ ಹಿಡಿಸುವ ಪುಟ್ಟ ಬಂದರು ನಮ್ಮದು.
ನಾನು ಬಾರ್ನಬಾಷ್, ಪ್ಲಾಸ್ಟಿಕ್ಕಿನ ಹಂಸಗಳನ್ನು
ಗಂಟೆ ಲೆಕ್ಕಕ್ಕೆ ಬಾಡಿಗೆ ಕೊಡುವವನು.
ಬಂದವರೆಲ್ಲ ಕೇಳುವುದೊಂದೇ:
ಇಲ್ಲಿ ನೋಡುವಂಥದ್ದೇನಿದೆ?

ನೋಡುವಂಥದ್ದು.
ರೈಲು ಹಳಿ ದಾಟಿದರೆ ಪಿರೋಷ್ಕಳ ಅಂಗಡಿ,
ಬೆಳ್ಳುಳ್ಳಿ ನೀರು ಸವರಿದ ಬಿಸಿ ಬಿಸಿ ಲಾಂಗೋಷ್;
ಕೈ ಒರೆಸಲು ಎರಡನೇ ಕಾಗದ ಮಾತ್ರ ಕೇಳಬೇಡಿ, ಬೈಯುತ್ತಾಳೆ.
ಹಳೇ ನೀರಿನ ಗೋಪುರ ಹತ್ತಿದರೆ ಆಚೆ ದಡದ ಬೆಟ್ಟ,
ದ್ರಾಕ್ಷಿ ತೋಟ, ತಿಹಾನಿಯ ಅವಳಿ ಶಿಖರದ ಮಠ.
ಅಲ್ಲೊಂದು ಪ್ರತಿಧ್ವನಿ ಇತ್ತು, ಹೆಸರುವಾಸಿ,
ಒಂದು ಸಾಲು ಕೂಗಿದರೆ ಇಡೀ ಸಾಲು ಮರಳುತ್ತಿತ್ತಂತೆ.
ನಡುವೆ ಮನೆಗಳೆದ್ದವು.
ಈಗ ಕೊನೆಯ ಅಕ್ಷರವಷ್ಟೇ ಬರುತ್ತದೆ,
ಅದೂ ಗಾಳಿ ಮನಸ್ಸು ಮಾಡಿದರೆ.

ಮತ್ತೆ ಈ ನೀರು, ಹಾಲು ಬೆರೆಸಿದ ಹಸಿರು.
ನಡೆಯುತ್ತ ಹೋಗಿ, ಮೊಣಕಾಲು;
ಇನ್ನೂ ನಡೆಯಿರಿ, ತೊಡೆ;
ದಡದಲ್ಲಿ ನಿಂತ ಹೆಂಡತಿ ಹೆಬ್ಬೆರಳಷ್ಟಾದರೂ
ಸೊಂಟ ದಾಟುವುದಿಲ್ಲ.
ಇಲ್ಲಿ ಮುಳುಗಬೇಕೆಂದರೆ ತಾಳ್ಮೆ ಬೇಕಪ್ಪ
ಎಂದು ನಗುತ್ತಿದ್ದ ನಮ್ಮಪ್ಪ.

ಅವನ ಕಾಲದಿಂದ ಬರುವವಳು ಗೆರ್ಲಿಂಡೆ, ಲೈಪ್‌ಝಿಗ್‌ನವಳು.
ಅಕ್ಕ ಟ್ರೌಡೆಲ್ ಹ್ಯಾನೋವರಿನಿಂದ ಬರುತ್ತಿದ್ದಳು.
ಒಂದೇ ನುಡಿ, ಎರಡು ದೇಶ, ನಡುವೆ ಗೋಡೆ.
ಒಡಹುಟ್ಟಿದವರು ಕೂಡಲಿಕ್ಕೆ
ಮೂರನೆಯವರ ಕೆರೆಯೇ ಆಗಬೇಕಿತ್ತು,
ಜುಲೈ ತಿಂಗಳ ಹದಿನಾಲ್ಕು ದಿನ.
ಅಕ್ಕ ಕಾಫಿಪುಡಿ ತರುವಳು, ಉದ್ದ ಕಾಲುಚೀಲ ತರುವಳು,
ತಂಗಿ ಅಮ್ಮನ ಸುದ್ದಿ ತರುವಳು.
ಹನ್ನೊಂದನೇ ಹಂಸವೇ ಆಗಬೇಕು;
ಅದರ ಕತ್ತು ಆಗಲೇ ತುಸು ವಾಲಿತ್ತು, ಕಿವಿಗೊಟ್ಟ ಹಾಗೆ.
ನೀರ ನಡುವೆ ಹೋಗಿಯೇ ಬಾಯಿ ಬಿಡುವರು.
ದಡದಲ್ಲಿ ಬೇರೆ ಕಿವಿಗಳಿದ್ದವು, ಸಂಬಳದವು.

ಗೋಡೆ ಬಿತ್ತು.
ಟೀವಿ ನೋಡುತ್ತ ಅಪ್ಪ ಅಂದ:
ಹೋಯ್ತು ಬಿಡು, ಆ ಅಕ್ಕತಂಗಿ ಇನ್ನೇಕೆ ಇಲ್ಲಿಗೆ ಬಂದಾರು?
ಅವನ ಮಾತು ಅರ್ಧ ನಿಜವಾಯಿತು.
ಅವರಮ್ಮ ತೀರಿಕೊಂಡಳು. ಮನೆ ಒಂದು, ಪಾಲು ಎರಡು,
ವಕೀಲರು ನಾಲ್ವರು.
ಗೋಡೆ ಇದ್ದಾಗ ವರ್ಷಕ್ಕೆ ಹದಿನಾಲ್ಕು ದಿನ,
ಬಿದ್ದ ಮೇಲೆ ಒಂದೂ ಇಲ್ಲ.

ಗೆರ್ಲಿಂಡೆ ಮಾತ್ರ ಬರುತ್ತಾಳೆ.
ಇಬ್ಬರ ಬಾಡಿಗೆ ಎಣಿಸಿಡುತ್ತಾಳೆ.
ಅರ್ಧ ಸಾಕು ಅಂದರೆ
ನನ್ನ ಜರ್ಮನ್ ತಿಳಿಯದವಳ ಹಾಗೆ ನಿಲ್ಲುತ್ತಾಳೆ.

ನಿನ್ನೆ ಮಧ್ಯಾಹ್ನ ಬಿರುಗಾಳಿಯ ದೀಪ ಮಿಟುಕಿತು,
ನಿಮಿಷಕ್ಕೆ ನಲವತ್ತೈದು: ಹುಷಾರು.
ನೋಡನೋಡುತ್ತ ತೊಂಬತ್ತು: ಬನ್ನಿ, ಎಲ್ಲರೂ ಬಂದುಬಿಡಿ.
ಎಲ್ಲ ಹಂಸ ಬಂದವು. ಹನ್ನೊಂದು ಬರಲಿಲ್ಲ.
ಮೋಟಾರು ದೋಣಿಯ ಬೀಗದ ಕೈ ಪಿರೋಷ್ಕಳ ಗಂಡನ ಜೇಬಿನಲ್ಲಿ,
ಅವನು ಯಾವ ಹೆಂಡದಂಗಡಿಯಲ್ಲೋ.
ನಡೆದೇ ಹೋದೆ.
ಪ್ಯಾಂಟು ಮಡಚಿದ್ದು ಬರೀ ಅಭ್ಯಾಸಬಲ.
ಅಲೆ ಎದೆಗೆ ಗುದ್ದುತ್ತಿತ್ತು, ಕಾಲಡಿ ಮಾತ್ರ
ಮೆತ್ತನೆಯ ಮರಳು, ಕೊಟ್ಟ ಮಾತಿಗೆ ತಪ್ಪದ ಮರಳು.

ಅವಳು ಹೆದರಿರಲಿಲ್ಲ.
ಗಾಳಿಗೆ ಮುಖ ಕೊಟ್ಟು ತುಳಿಯುತ್ತಿದ್ದಳು, ಇದ್ದಲ್ಲೇ.
ಪಕ್ಕದ ಖಾಲಿ ಆಸನದ ಪೆಡಲೂ ತಿರುಗುತ್ತಿತ್ತು.
ಎರಡಕ್ಕೂ ಅಚ್ಚು ಒಂದೇ ನೋಡಿ,
ಒಬ್ಬರು ತುಳಿದರೆ ಇನ್ನೊಂದೂ ಸುತ್ತುತ್ತದೆ,
ಯಾರೋ ಕೂತ ಹಾಗೆ.
"ಯಾವತ್ತೂ ಮೈಗಳ್ಳಿ ಅವಳು," ಎಂದಳು,
"ಭಾರವೆಲ್ಲ ನನ್ನ ಮೇಲೆ."

ಹಂಸದ ಬಾಲ ಹಿಡಿದು ದಬ್ಬಿದೆ. ಮಳೆ ಹಿಡಿಯಿತು.
ದಾರಿಯುದ್ದ ಮನೆಯ ಲೆಕ್ಕ ಒಪ್ಪಿಸುತ್ತ ಬಂದಳು:
ಮೂರು ಕೋಣೆ, ಒಂದು ಪ್ಲಮ್ ಮರ,
ಅಮ್ಮನ ಹೊಲಿಗೆ ಯಂತ್ರ, ಅದರ ಸೂಜಿ ಮುರಿದಿದೆ.
ದಡ ಮುಟ್ಟಿದ ಮೇಲೆ ಕೇಳಿದಳು:
ಇಲ್ಲಿಂದ ಹ್ಯಾನೋವರಿಗೆ ಫೋನು ಎಷ್ಟಾಗುತ್ತದೆ?
ಪಿರೋಷ್ಕಳ ಅಂಗಡಿ ತೋರಿಸಿದೆ.
ಸಾಲು ಉದ್ದವಿತ್ತು, ಮಳೆಗೆ ಎಲ್ಲರಿಗೂ ಹಸಿವು.
"ನಾಳೆ," ಎಂದಳು.

ಹನ್ನೊಂದರ ಕತ್ತಿನ ಬಿರುಕಿಗೆ ಅಂಟು ಹಚ್ಚಿ ಕೂತಿದ್ದೇನೆ,
ಒಣಗಲು ಒಂದು ರಾತ್ರಿ ಬೇಕು.
ದೀಪ ಇನ್ನೂ ಮಿಟುಕುತ್ತಿದೆ,
ನಲವತ್ತೈದಕ್ಕೆ ಇಳಿದಿದೆ.